ಎರಡು ಬಸ್ಸಿನಲ್ಲಿ ಸೀಟು

ಶಿಕಾರಿಪುರ ಬಸ್ ನಿಲ್ದಾಣ, ಮಧ್ಯಾಹ್ನ ಒಂದೂವರೆ. ಉಳವಿಯ ಅಕ್ಕನ ಮನೆಯಿಂದ ಬಂದು ಬೆಂಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತಿದ್ದ ಹರಿಹರದ ಬಸ್ಸಿನ ಕಿಟಕಿಯೊಳಗೆ ಕೈಹಾಕಿ ಸೀಟಿನ ಮೇಲೆ ಕೊಡೆ ಇಟ್ಟಳು. ಆಮೇಲೆ ನಮ್ಮ ಬಸ್ಸು ಹತ್ತಿ ನನ್ನ ಪಕ್ಕದ ಸೀಟಿಗೆ ಕರ್ಚೀಫು ಹಾಕಿದಳು.

“ಎರಡು ಬಸ್ಸಿಗೂ ಸೀಟು ಹಿಡಿದ್ಯಲ್ಲಮ್ಮ?” ಎಂದೆ.

“ಎರಡೂ ಊರಿನ ಫ್ಯಾಕ್ಟರ್ಯಾಗೆ ಕೆಲಸ ಸಿಕ್ಕೈತ್ರಿ ಅಂಕಲ್. ನಾಳೆನೇ ಸೇರ್ಬೇಕು. ಬಸ್ ಬಿಡೋತನಕ ಟೈಮೈತಲ್ಲ,” ಎಂದು ನಕ್ಕಳು.

ನಾನು ಎರಡೂ ಊರಿನಲ್ಲಿ ದುಡಿದವನು. ಬೆಂಗಳೂರಲ್ಲಿ ಸಂಬಳ ಹೆಚ್ಚು, ಮುಂದೆ ಬರಬಹುದು ಎಂದು ಹೇಳಿದೆ. ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಹರಿಹರದಲ್ಲಿ ಮಧ್ಯಾಹ್ನದ ಸೈರನ್ ಕೂಗಿದರೆ ಸೈಕಲ್ ಹತ್ತಿ ಮನೆಗೇ ಊಟಕ್ಕೆ ಹೋಗುತ್ತಿದ್ದದ್ದು, ಅದೇ ಸೈರನ್ ಕೇಳಿ ಹೆಂಡತಿ ಹಂಚಿಗೆ ರೊಟ್ಟಿ ಹಾಕುತ್ತಿದ್ದದ್ದು, ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅದು ಉಬ್ಬಿರುತ್ತಿದ್ದದ್ದು, ಎಲ್ಲ ಹೇಳಿಬಿಟ್ಟೆ.

“ಬೆಂಗ್ಳೂರಾಗೆ?”

“ಹದಿನೆಂಟು ವರ್ಷದಿಂದ ಡಬ್ಬಿ.”

ನೀರು ತರುತ್ತೇನೆಂದು ಇಳಿದವಳು ಮರಳಲಿಲ್ಲ. ನಮ್ಮ ಬಸ್ಸು ಸ್ಟಾರ್ಟ್ ಆದಾಗ ನೋಡಿದರೆ, ಹರಿಹರದ ಬಸ್ಸಿನ ಕಿಟಕಿಯಲ್ಲಿ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಕೈ ಚಾಚಿ ಕರ್ಚೀಫು ಕೊಟ್ಟೆ.

ಅದನ್ನು ಈಸಿಕೊಂಡು, “ಅಂಕಲ್, ಇಲ್ಲಿ ನನ್ನ ಪಕ್ಕದ ಸೀಟು ಖಾಲಿ ಐತ್ರಿ,” ಎಂದಳು.

ಕಂಡಕ್ಟರ್ ‘ರೈಟ್’ ಎಂದ. ಅಕ್ಕ ಕಟ್ಟಿಕೊಟ್ಟ ಡಬ್ಬಿ ನನ್ನ ತೊಡೆಯ ಮೇಲೆ ಆಗಲೇ ತಣ್ಣಗಾಗಿತ್ತು.