ಎದುರು ಸುತ್ತು

ಜಯನಗರದ ಆ ಪಾರ್ಕಿನಲ್ಲಿ ಎಲ್ಲರೂ ಪ್ರದಕ್ಷಿಣೆ ಹಾಕುವ ಹಾಗೆ ಸುತ್ತಿದರೆ, ಟೆಲಿಫೋನ್ ಆಫೀಸಿನಿಂದ ನಿವೃತ್ತರಾದ ವೆಂಕಟಾಚಲ ಮಾತ್ರ ಹನ್ನೊಂದು ವರ್ಷ ಎದುರು ದಿಕ್ಕಿನಲ್ಲಿ ಸುತ್ತಿದರು. ಕಾರಣ ಅನಂತಸ್ವಾಮಿ. ಇಬ್ಬರೂ ಒಂದೇ ಆಫೀಸಿನಲ್ಲಿ ಒಂದೇ ಡಬ್ಬಿಯ ಊಟ ಹಂಚಿಕೊಂಡು ತಿಂದವರು, ಈ ಪಾರ್ಕಿನಲ್ಲಿ ಜೊತೆಯಾಗಿ ನಡೆದವರು. ಆದರೆ ವೆಂಕಟಾಚಲರ ಮಗಳನ್ನು ನೋಡಲು ಬಂದವರ ಮುಂದೆ ಅನಂತಸ್ವಾಮಿ ಬಾಯಿತಪ್ಪಿ ಅವಳ ಮೂರ್ಛೆರೋಗದ ಮಾತೆತ್ತಿದರು. ಸಂಬಂಧ ಮುರಿದುಬಿತ್ತು.

“ಇನ್ನು ಅವನ ಜೊತೆ ಒಂದು ಹೆಜ್ಜೆ ಹಾಕಲ್ಲ” ಎಂದು ವೆಂಕಟಾಚಲ ಅಂದೇ ದಿಕ್ಕು ಬದಲಿಸಿದರು.

ಮುಖ ನೋಡಬಾರದೆಂದಿದ್ದರೆ ಹಿಂದೆ ನಡೆದರೆ ಸಾಕಿತ್ತು. ಎದುರು ನಡೆದದ್ದರಿಂದ ಸುತ್ತಿಗೆ ಎರಡು ಸಲ ಆ ಮುಖ ಸಿಗುತ್ತಿತ್ತು. ಪ್ರತಿ ಸಲವೂ ಇವರು ಹಲ್ಲು ಕಚ್ಚಿಕೊಂಡು ದುರುಗುಟ್ಟಿ ನೋಡುವರು. ಹೆಂಡತಿ ಸೀತಮ್ಮ ಹೊಸ ಕನ್ನಡಕ ಹಾಕಿಕೊಂಡದ್ದು ಇವರ ಕಣ್ಣಿಗೆ ಬೀಳಲು ತಿಂಗಳು ಹಿಡಿದಿತ್ತು.

ಮೊನ್ನೆ ಸ್ಟ್ರೋಕ್ ಆಗಿ ಅನಂತಸ್ವಾಮಿ ತೀರಿಕೊಂಡರು. ಸೀತಮ್ಮನ ಬಲವಂತಕ್ಕೆ ವೆಂಕಟಾಚಲ ಸಾವಿನ ಮನೆಗೆ ಹೋದರು. ಹಾರ ಹಾಕಿದ ಫೋಟೋ ನೋಡುತ್ತಲೇ ರೇಗಿದರು.

“ಯಾವ ಕಾಲದ ಫೋಟೋ ಇಟ್ಟಿದ್ದೀರಮ್ಮ? ಅವನ ಎಡ ಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ಮೂರು ವಾರದಿಂದ ಬಾಯಿ ಬೇರೆ ಒಂದು ಕಡೆ ಸೊಟ್ಟಗಾಗಿತ್ತು.”

ಅನಂತಸ್ವಾಮಿಯ ಸೊಸೆ ಬೆಚ್ಚಿ ತಲೆಯೆತ್ತಿದಳು. “ಬಾಯಿ ಸೊಟ್ಟಗಾಗಿತ್ತಾ? ಮನೇಲಿ ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ ಅಂಕಲ್. ನೀವು ಒಂದು ಮಾತು ಹೇಳಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ವಲ್ಲ!”

ಮೂರು ವಾರ, ಸುತ್ತಿಗೆ ಎರಡು ಸಲ, ವೆಂಕಟಾಚಲ ಆ ಬಾಯಿಯನ್ನು ಚೆನ್ನಾಗಿ ನೋಡಿಕೊಂಡೇ ಮುಂದೆ ನಡೆದಿದ್ದರು.