ಸೀಟಿನ ಸಾಕ್ಷಿ

ನಮ್ಮಪ್ಪನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅಮ್ಮ, ‘ಜನರ ಸುಳ್ಳು ಹಿಡಿಯೋದು’ ಅನ್ನುತ್ತಿದ್ದಳು. ಅಪ್ಪ ‘ಸರ್ವೇಯರ್’ ಅನ್ನುತ್ತಿದ್ದ. ಕಾರು ಎಲ್ಲಾದರೂ ಗುದ್ದಿಸಿಕೊಂಡು ನಮ್ಮೂರಿನ ಒಂದೇ ದೊಡ್ಡ ವರ್ಕ್‌ಶಾಪಿಗೆ ಬಂದರೆ, ಇನ್ಶೂರೆನ್ಸ್ ಕಂಪನಿಯ ಪರವಾಗಿ ಹೋಗಿ, ನೆಗ್ಗಿದ್ದು ನೋಡಿ, ನಡೆದದ್ದೇನೆಂದು ವರದಿ ಬರೆಯಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಮನೆಯಲ್ಲಿ ಚಮಚೆ ಬಗ್ಗಿದರೂ ಯಾವ ಕೈ, ಯಾವ ಕೋನ ಎಂದು ಹೇಳುವ ಚಟ ಅವನಿಗೆ ಅಂಟಿಕೊಂಡಿತ್ತು.

ಹೊಸದಾಗಿ ಲೈಸೆನ್ಸ್ ಸಿಕ್ಕ ಮಕ್ಕಳ ಪ್ರಕರಣವೆಂದರೆ ಅಪ್ಪನಿಗೆ ಬಲು ಇಷ್ಟ. ಕಂಪನಿಯ ನಿಯಮ ಸರಳ: ಮಗನೋ ಮಗಳೋ ಅಪ್ಪನ ಕಾರು ಓಡಿಸುವುದಾದರೆ ಅವರ ಹೆಸರನ್ನು ಪಾಲಿಸಿಯಲ್ಲಿ ಬರೆಸಬೇಕು. ಬರೆಸಿದರೆ ಕಂತು ಏರುತ್ತದೆ, ಅದಕ್ಕೇ ಯಾರೂ ಬರೆಸುವುದಿಲ್ಲ. ಮಗ ಹೋಗಿ ಕಂಬಕ್ಕೆ ಗುದ್ದುತ್ತಾನೆ, ಅಪ್ಪ ಬಂದು ‘ನಾನೇ ಓಡಿಸ್ತಿದ್ದೆ’ ಅನ್ನುತ್ತಾನೆ. ಆಗ ನಮ್ಮಪ್ಪ ಡ್ರೈವರ್ ಬಾಗಿಲು ತೆರೆದು, ಜೇಬಿನಿಂದ ಟೇಪು ತೆಗೆದು, ಸೀಟಿಗೂ ಬ್ರೇಕಿಗೂ ನಡುವಿನ ದೂರ ಅಳೆಯುತ್ತಿದ್ದ. ಆಮೇಲೆ ಎದುರಿಗಿದ್ದವನ ಕಾಲು ನೋಡುತ್ತಿದ್ದ. ಉದ್ದ ಕಾಲಿನ ಅಪ್ಪ, ಗಿಡ್ಡ ಮಗ, ಸೀಟು ಮುಂದೆ ಅಂದರೆ ಮುಗಿಯಿತು.

‘ಎಲ್ಲಾ ಅಪ್ಪಂದಿರೂ ಹಾಗೇ ಹೇಳ್ತಾರೆ,’ ಅನ್ನುತ್ತಿದ್ದ. ‘ಸೀಟು ಮಾತ್ರ ಸುಳ್ಳು ಹೇಳಲ್ಲ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಬೇಕಾದಷ್ಟಿದ್ದರು. ಅಂಥವರಿಂದಲೇ ಅಪ್ಪನ ಹೆಸರು ಬೆಳೆದದ್ದು. ಎದುರುಮನೆಯ ಟೈಲರ್ ಮಾತ್ರ ತನ್ನ ಕಾರು ಗುದ್ದಿದಾಗ ಒಪ್ಪಲಿಲ್ಲ. ಅವನು ಆರಡಿ ಆಳು. ಮಗ ತಾಯಿಯ ಹಾಗೆ ಕುಳ್ಳ, ಆಗಷ್ಟೇ ಲೈಸೆನ್ಸ್ ತೆಗೆದಿದ್ದ. ‘ಅಳತೆ ನನ್ನ ಕಸುಬು ಕಣ್ರೀ, ನನಗೇ ಟೇಪು ತೋರಿಸ್ಬೇಡಿ,’ ಎಂದು ಟೈಲರ್ ರೇಗಿದ. ಅಪ್ಪ ಜಗ್ಗಲಿಲ್ಲ. ಕ್ಲೇಮು ಬಿದ್ದುಹೋಯಿತು. ಅಲ್ಲಿಂದ ಎರಡು ವರ್ಷ ಎರಡು ಮನೆಗೂ ಮಾತಿಲ್ಲ. ನನ್ನ ಬಟ್ಟೆ ಹೊಲಿಸಲು ಅಮ್ಮ ನಾಲ್ಕು ಬೀದಿ ದಾಟಿ ಹೋಗಬೇಕಾಯಿತು. ಟೈಲರನ ಮಗ ಬಸ್ಸಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗತೊಡಗಿದ.

ಹೀಗಿರುವಾಗ ನನಗೆ ಹದಿನೆಂಟಾಗಿ, ಲೈಸೆನ್ಸ್ ಬಂತು. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ. ‘ಮಕ್ಕಳ ಹೆಸರು ಬರೆಸಿ, ಬರೆಸಿ’ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನನ್ನ ಹೆಸರು ಬರೆಸಲು ಮಾತ್ರ ‘ಸೋಮವಾರ ನೋಡೋಣ’ ಅಂದ. ಹನ್ನೊಂದು ಸೋಮವಾರ ಬಂದು ಹೋದವು. ಅಲ್ಲಿಯವರೆಗೆ ಕಾರನ್ನು ಬೀದಿಗೆ ಇಳಿಸುವಂತಿಲ್ಲ ಎಂಬ ಅಪ್ಪಣೆ ಬೇರೆ. ನಾನು ದಿನಾ ಸಂಜೆ ನಿಂತ ಕಾರಿನಲ್ಲೇ ಕೂತು, ಸೀಟನ್ನು ಮುಂದಕ್ಕೆಳೆದುಕೊಂಡು, ಗೇರು ಬದಲಿಸುತ್ತಾ, ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದೆ. ಒಂದು ಸಂಜೆ ಸೀಟು ಹಿಂದಕ್ಕೆ ತಳ್ಳುವುದನ್ನು ಮರೆತೆ.

ಮರುದಿನ ಬೆಳಿಗ್ಗೆ ಅಪ್ಪನಿಗೆ ತಡವಾಗಿತ್ತು. ಹೇಗೋ ತೂರಿಕೊಂಡು ಕೂತ. ಮಂಡಿಗಳು ಸ್ಟೀರಿಂಗಿಗೆ ತಾಗಿದವು. ಇಳಿದು ಸರಿಮಾಡಿಕೊಳ್ಳುವ ತಾಳ್ಮೆ ಎಲ್ಲಿ? ಕಾರು ಹಿಂದಕ್ಕೆ ಚಲಿಸುತ್ತಿರುವಾಗಲೇ ಬಗ್ಗಿ ಸೀಟಿನ ಲಿವರ್ ಎತ್ತಿದ. ಸೀಟು ಅವನನ್ನು ಹೊತ್ತು ಸರ್ರನೆ ಹಿಂದಕ್ಕೆ ಹೋಯಿತು, ಕಾಲು ಬ್ರೇಕಿನಿಂದ ಮೇಲೆದ್ದಿತು, ಕಾರು ಗೇಟಿನ ಕಂಬಕ್ಕೆ ಹೋಗಿ ಬಡಿಯಿತು. ದೀಪ ಪುಡಿ, ಹಿಂಬಾಗಿಲು ಒಳಕ್ಕೆ. ನಾನೂ ಅಮ್ಮನೂ ಓಡಿ ಬಂದೆವು.

‘ಸೀಟು ಮುಂದಕ್ಕೆ ಎಳೆದಿದ್ದು ಯಾರು?’ ಎಂದ ಅಪ್ಪ.

‘ಅದು ಇವಳು,’ ಎಂದಳು ಅಮ್ಮ, ನನ್ನ ಕಡೆ ಕೈ ತೋರಿಸಿ. ‘ಕಂಬಕ್ಕೆ ಗುದ್ದಿದ್ದು ಯಾರು?’

ಅಪ್ಪ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಆಮೇಲೆ ಕಾರನ್ನು ತಾನೇ ಓಡಿಸಿಕೊಂಡು ಹೋಗಿ ವರ್ಕ್‌ಶಾಪಿನ ಗೇಟಿನಲ್ಲಿ ಬಿಟ್ಟು ಬಂದ.

ಸ್ವಂತ ಕಾರಿಗೆ ತಾನೇ ವರದಿ ಬರೆಯುವಂತಿಲ್ಲವಲ್ಲ. ಆಫೀಸಿನವರು ಅಪ್ಪನೇ ಪಳಗಿಸಿದ ಹುಡುಗಿಯನ್ನು ಕಳಿಸಿದರು. ಮರುದಿನ ಅಪ್ಪನ ಜೊತೆ ನಾನೂ ವರ್ಕ್‌ಶಾಪಿಗೆ ಹೋದೆ. ಶಿಷ್ಯೆ ನಮಸ್ಕಾರ ಮಾಡಿ, ಜೇಬಿನಿಂದ ಟೇಪು ತೆಗೆದಳು. ಅಪ್ಪನೇ ಕೊಟ್ಟ ಟೇಪು. ಅಳೆದಳು. ಸೀಟು ಮುಂದಿತ್ತು. ಅಪ್ಪನ ಉದ್ದ ಕಾಲು ನೋಡಿದಳು, ನನ್ನ ಮೋಟು ಕಾಲು ನೋಡಿದಳು.

‘ಯಾರು ಓಡಿಸ್ತಿದ್ರು, ಸರ್?’

‘ನಾನೇ.’

‘ಎಲ್ಲಾ ಅಪ್ಪಂದಿರೂ ಹಾಗೇ ಹೇಳ್ತಾರೆ, ಸರ್.’

ಗುರುವಿಗೇ ತಿರುಮಂತ್ರ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವಳು ಹಾಳೆ ತೆಗೆದು ಬರೆಯತೊಡಗಿದ್ದು ಕಂಡು ನಗು ಅಲ್ಲೇ ನಿಂತಿತು.

‘ನೀವು ಹೇಳಿಕೊಟ್ಟ ಹಾಗೇ ಬರೀಬೇಕು ಸರ್, ಬೇರೆ ಥರ ನನಗೆ ಬರಲ್ಲ,’ ಎಂದಳು. ‘ಸರ್ವೇಯರೇ ಸುಳ್ಳು ಹೇಳಿಕೆ ಕೊಟ್ಟರೆ ಕೆಲಸ ಹೋಗುತ್ತೆ. ನಿಮಗೇ ಗೊತ್ತು.’

‘ನಿನ್ನೆ ನಾನು ಗೇಟಿನಲ್ಲಿ ಬಿಟ್ಟಾಗ ಸೀಟು ಹಿಂದೆ ಇತ್ತಮ್ಮಾ.’

ಅವಳು ಬರೆಯುತ್ತಲೇ ಹೋದಳು. ಈ ಮಾತನ್ನೂ ಅಪ್ಪಂದಿರು ಹೇಳುತ್ತಾರೆ ಎಂದು ಅವಳಿಗೆ ಕಲಿಸಿದವನೂ ಅಪ್ಪನೇ.

ಅಷ್ಟರಲ್ಲಿ ವರ್ಕ್‌ಶಾಪಿನ ಮೇಸ್ತ್ರಿ ಗೇಟಿನ ಕಡೆ ಹೋದ. ಅವನ ತಲೆ ಅಪ್ಪನ ಎದೆಗೂ ಬರುವುದಿಲ್ಲ. ಅಲ್ಲಿ ನಿಂತಿದ್ದ ಬಿಳಿ ಕಾರಿನ ಬಾಗಿಲು ತೆರೆದು, ಕೂತು, ನೋಡದೆಯೇ ಲಿವರಿಗೆ ಕೈ ಹಾಕಿ, ಸೀಟನ್ನು ಕರಕರ ಮುಂದಕ್ಕೆ ಎಳೆದುಕೊಂಡ. ಕಾರನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿ, ಸೀಟನ್ನು ಹಾಗೇ ಬಿಟ್ಟು ಇಳಿದು ಹೋದ.

ಅಪ್ಪನ ಕಿವಿಗಳು ಕೆಂಪಾದವು. ನನಗೂ ಅರ್ಥವಾಯಿತು. ಸುಮ್ಮನಿದ್ದರೆ ನಾವಿಬ್ಬರೂ ಸುಳ್ಳುಬುರುಕರು, ಅಪ್ಪನ ಕೆಲಸವೂ ಹೋಯಿತು. ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ವರದಿಗಳೆಲ್ಲ ಗೋತಾ. ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ. ಇದ್ದದ್ದು ಹೇಳುತ್ತೇನೆ, ಅವನು ಬಾಯಿ ಬಿಡುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಅವನ ಹೆಮ್ಮೆ ನನಗೆ ಗೊತ್ತಿತ್ತು.

‘ಆ ಮೇಸ್ತ್ರೀನ ಕರಿ,’ ಎಂದ ಅಪ್ಪ ಕೊನೆಗೆ ಶಿಷ್ಯೆಗೆ. ‘ನಮ್ಮ ಕಾರು ಒಳಗೆ ತಂದದ್ದು ಯಾರು ಅಂತ ಕೇಳು.’

‘ನಾನೇ, ಇನ್ಯಾರು?’ ಎಂದ ಮೇಸ್ತ್ರಿ. ‘ಇಪ್ಪತ್ತೈದು ವರ್ಷದಿಂದ ಎಲ್ಲಾ ಗಾಡೀನೂ ನಾನೇ ತರೋದು. ಸೀಟು ಎಳ್ಕೊಳ್ದೆ ಹೋದ್ರೆ ಕಾಲು ಎಟುಕಬೇಕಲ್ಲ.’

‘ಯಾವತ್ತೂ ಹೇಳ್ಲಿಲ್ವಲ್ಲೋ.’

‘ನೀವು ಸೀಟನ್ನ ಕೇಳ್ತಿದ್ರಿ ಸಾರ್. ನನ್ನನ್ನ ಕೇಳ್ಲೇ ಇಲ್ಲ.’

ಶಿಷ್ಯೆ ಬರೆದ ಹಾಳೆಯನ್ನು ಹರಿದಳು. ‘ಹಾಗಾದ್ರೆ ಹಳೇ ವರದಿಗಳು, ಸರ್?’ ಎಂದು ಮೆಲ್ಲಗೆ ಕೇಳಿದಳು.

‘ಅದನ್ನೂ ಬರಿ. ನಾನೇ ಹೇಳಿದೆ ಅಂತ ಬರಿ.’

ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಅದುವರೆಗೆ ಯಾವತ್ತೂ ಬಂದಿರಲಿಲ್ಲ. ಅವನಿಗೆ ಹೇಳಲಿಲ್ಲ, ಹೇಳಿದ್ದರೆ ಅದನ್ನೂ ಅಳೆಯುತ್ತಿದ್ದ.

ಸಂಜೆ ಅಪ್ಪ ಬೀದಿ ದಾಟಿ ಎದುರುಮನೆಯ ಬಾಗಿಲು ತಟ್ಟಿದ. ನಾನು ಹಿಂದೆಯೇ ಹೋದೆ. ಟೈಲರ್ ಕೊರಳಿಗೆ ಟೇಪು ಹಾಕಿಕೊಂಡೇ ಬಂದ.

‘ಅವತ್ತು ಕಾರು ಓಡಿಸ್ತಿದ್ದದ್ದು ನೀವೇ,’ ಎಂದ ಅಪ್ಪ.

‘ಹೌದು. ಅವತ್ತೇ ಹೇಳಿದ್ದೆ.’

‘ನಾನು ನಂಬಲಿಲ್ಲ. ತಪ್ಪು ನನ್ನದು. ಆಫೀಸಿಗೂ ಬರೆದು ಕೊಟ್ಟಾಯ್ತು.’

ಟೈಲರ್ ಅಪ್ಪನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ.

‘ನೀವು ನಂಬದಿದ್ರೆ ಹಾಳಾಗ್ಲಿ ಬಿಡಿ,’ ಎಂದ. ‘ನನ್ನ ಹೆಂಡತಿ ಇವತ್ತಿಗೂ ನಿಮ್ಮನ್ನೇ ನಂಬಿದಾಳೆ. ಸರ್ವೇಯರ್ ಸುಮ್ನೆ ಹೇಳ್ತಾರಾ, ಮಗನನ್ನ ಉಳಿಸೋಕೆ ನಾನೇ ಸುಳ್ಳು ಹೇಳ್ತಿದೀನಿ ಅಂತಾಳೆ. ಕಾರಿನ ಕೀ ಎರಡು ವರ್ಷದಿಂದ ಅವಳ ಬೀರುವಿನಲ್ಲಿದೆ, ಮಗನ ಕೈಗೆ ಕೊಟ್ಟಿಲ್ಲ. ಒಳಗೆ ಬನ್ನಿ. ಅವಳಿಗೆ ನೀವೇ ಹೇಳಿ.’

ಅಪ್ಪ ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದ. ‘ನಾಳೆ ನಿನ್ನ ಹೆಸರು ಬರೆಸ್ತೀನಿ,’ ಎಂದು ಹೇಳಿ ಒಳಗೆ ಹೋದ.

ನಾಳೆ ಗುರುವಾರ.