ಗುಡ್ಡವಿರುವ ದ್ವೀಪ

ರಜೆಗೆ ಮನೆಮಂದಿಯೆಲ್ಲ ಯಾವ ದ್ವೀಪಕ್ಕೆ ಹೋಗಬೇಕೆಂಬ ಜಗಳ ವಾರವಾದರೂ ಬಗೆಹರಿಯಲಿಲ್ಲ. ಕೊನೆಗೆ ಸೊಸೆ ಶ್ವೇತಾ ಮನೆದೇವರು ಕಳಕಲೇಶ್ವರನ ಫೋಟೋ ಮುಂದೆ ಎರಡು ಚೀಟಿ ಮಡಚಿಟ್ಟಳು. ಒಂದು ಅಂಡಮಾನ್, ಇನ್ನೊಂದು ಲಕ್ಷದ್ವೀಪ. ಗಜೇಂದ್ರಗಡದ ಆ ಮನೆಯಲ್ಲಿ ಹೊಲ ಕೊಳ್ಳುವುದಿರಲಿ, ಕೂಸಿಗೆ ಹೆಸರಿಡುವುದಿರಲಿ, ಮಾತು ಬಗೆಹರಿಯದಿದ್ದರೆ ಚೀಟಿ ಎತ್ತುವುದೇ ರೂಢಿ. ಎತ್ತುವ ಕೈ ಯಾವಾಗಲೂ ಅತ್ತೆ ಕಳಕವ್ವನದು.

"ಎತ್ತ್ರಿ ಅತ್ತಿಯಾರ, ಲಗೂ ಟಿಕೀಟ ತಗಿಸಬೇಕು."

ಕಳಕವ್ವನ ಕೈ ಮುಂದೆ ಹೋಗಲಿಲ್ಲ. ಮೊಬೈಲಿನಲ್ಲಿ ಕಂಡ ದ್ವೀಪದ ಚಿತ್ರವೇ ಕಣ್ಣಿಗೆ ಕಟ್ಟಿತ್ತು: ಸುತ್ತ ನೀರು, ನಡುವೆ ಅಂಗೈಯಷ್ಟು ನೆಲ. ಹೊಳೆಆಲೂರಿನ ತವರಿನಲ್ಲಿ, ಹನ್ನೆರಡರ ವಯಸ್ಸಿಗೇ, ಅವಳು ಅಂಥದ್ದನ್ನೇ ಕಂಡಿದ್ದಳು. ಮಲಪ್ರಭೆ ಉಕ್ಕಿ ಬಂದಾಗ ಎರಡು ದಿನ ಮಾಳಿಗೆಯ ಮೇಲೆ ಕೂತು, ಕೆಳಗೆ ಕಟ್ಟಿದ್ದ ಎಮ್ಮೆಯ ಕೂಗು ನಿಂತುಹೋದದ್ದನ್ನು ಕೇಳಿದ್ದಳು. ಈ ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

"ದೇವರ ಮುಂದ ಹಿಂಗ ತಡಾ ಮಾಡಬಾರದು!" ಗಂಡ ಗುರುಸಂಗಪ್ಪ ಗದರಿದ.

ಅವಳು ಎರಡೂ ಚೀಟಿ ಎತ್ತಿ, ಬಿಚ್ಚಿ, ನೆಲದ ಮೇಲೆ ಹರವಿದಳು. ಆ ಮನೆಯಲ್ಲಿ ದೇವರ ಚೀಟಿ ಬಿಚ್ಚಿಟ್ಟು ಆರಿಸಿದವರು ಯಾರೂ ಇರಲಿಲ್ಲ.

"ಗುಡ್ಡಾ ಯಾವುದರಾಗ ಐತಿ?"

"ಅಂಡಮಾನದಾಗ ಅದಾವ್ರಿ. ಲಕ್ಷದ್ವೀಪ ಸಪಾಟ," ಎಂದಳು ಶ್ವೇತಾ. "ಸಮುದ್ರ ನೋಡಾಕ ಹೋಗೋರಿಗೆ ಗುಡ್ಡಾ ಯಾಕ್ರಿ?"

"ನೀರು ಏರಿದರ ಹತ್ತಾಕ."

ಕಳಕವ್ವ ಅಂಡಮಾನಿನ ಚೀಟಿಯನ್ನು ಸೊಸೆಯ ಕೈಗಿಟ್ಟು ಗಂಡನ ಕಡೆ ತಿರುಗಿದಳು.

"ನಿಮ್ಮನ್ನ ಒಪ್ಪಿದ್ದು ಮಾರಿ ನೋಡಿ ಅಲ್ರಿ. ಈ ಮನಿ ಹಿಂದಿನ ಗುಡ್ಡಾ ನೋಡಿ."